ತಿಳಿನೀರಿನಲ್ಲಿ ಸತ್ತ ಮೀನು

ಹುಮನಾಬಾದಿನಿಂದ ನಿರ್ಣಾಕ್ಕೆ ಹೊರಟ ಬಸ್ಸಿನಲ್ಲಿ ಎಂಟನೆಯ ತರಗತಿಯ ಹುಡುಗನೊಬ್ಬ ಕುಳಿತಿದ್ದಾನೆ ಎಂದು ಎಣಿಸಿಕೊಳ್ಳಿ. ತೊಡೆಯ ಮೇಲೆ ಗಾಳಿ ತುಂಬಿ ರಬ್ಬರ್ ಬ್ಯಾಂಡ್ ಬಿಗಿದ ಪ್ಲಾಸ್ಟಿಕ್ ಚೀಲ. ಅದರೊಳಗೆ ನಾಲ್ಕು ಗೋಲ್ಡ್ ಫಿಶ್. ಪಕ್ಕದಲ್ಲಿ ಎರಡು ಅಡಿ ಉದ್ದದ ಗಾಜಿನ ತೊಟ್ಟಿಯನ್ನು ಎರಡೂ ಕೈಯಿಂದ ತಬ್ಬಿ ಹಿಡಿದ ಅಪ್ಪ. ಹುಡುಗನ ಜೇಬಿನಲ್ಲಿ ಅಂಗಡಿಯವರು ಕೊಟ್ಟ ಒಂದು ಪೊಟ್ಟಣ, ಅದರಲ್ಲಿ ಸಾಸಿವೆಗಿಂತ ತುಸು ದಪ್ಪನೆಯ ಕರಿ ಕಾಳುಗಳು. "ಇದನ್ನ ಫಿಲ್ಟರಿನಾಗ ಹಾಕು, ನೀರು ಕನ್ನಡಿ ಇದ್ದಂಗ ಇರ್ತದ" ಎಂದು ಅವರು ಹೇಳಿ ಕಳಿಸಿದ್ದಾರೆ.

ಅವರು ಹೇಳಿದ್ದು ಸುಳ್ಳಾಗಲಿಲ್ಲ. ತೊಟ್ಟಿಯ ನೀರು ಕನ್ನಡಿಯಂತೆಯೇ ಇತ್ತು. ಓಣಿಯ ಮಕ್ಕಳೆಲ್ಲ ಬಂದು ನೋಡಿ ಹೋದರು. ಆರನೆಯ ದಿನ ಒಂದು ಮೀನು ನೀರಿನ ಮೇಲೆ ಬಂದು ಬಾಯಿ ಬಡಿಯತೊಡಗಿತು. ಹುಡುಗ ಗಾಬರಿಯಾಗಿ ನೀರನ್ನೆಲ್ಲ ಚೆಲ್ಲಿ, ಹರಳುಗಳನ್ನು ಸೋಪಿನ ಪುಡಿ ಹಾಕಿ ತಿಕ್ಕಿ, ಹೊಸ ಕರಿ ಕಾಳು ತುಂಬಿ, ನಳದ ನೀರು ಹೊಯ್ದ. ಹತ್ತನೆಯ ದಿನದ ಹೊತ್ತಿಗೆ ನಾಲ್ಕೂ ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. "ನೀರು ಇಷ್ಟು ತಿಳಿ ಅದ, ಇವಕ್ಕೇನಾಯ್ತೋ ಯಪ್ಪಾ" ಎಂದರು ಅವ್ವ. "ರೊಕ್ಕ ನೀರಾಗ ಹಾಕ್ದಂಗಾಯ್ತು" ಎಂದರು ಅಪ್ಪ. ಹುಡುಗ ಆ ರಾತ್ರಿ ಉಣ್ಣಲಿಲ್ಲ. ತಾನೇ ಏನೋ ತಪ್ಪು ಮಾಡಿದೆನೆಂದು ಅವನಿಗೆ ಗೊತ್ತಿತ್ತು. ಏನು ತಪ್ಪು ಎಂಬುದು ಮಾತ್ರ ಗೊತ್ತಿರಲಿಲ್ಲ.

ಈ ಹುಡುಗನನ್ನು ಇಲ್ಲಿ ಕಲ್ಪಿಸಿಕೊಂಡದ್ದಾದರೂ ಅವನ ತೊಟ್ಟಿಯಲ್ಲಿ ಆದದ್ದು ಹೊಸದಾಗಿ ಮೀನು ಸಾಕಲು ತೊಡಗಿದ ಬಹಳ ಮನೆಗಳಲ್ಲಿ ಆಗುವಂಥದ್ದೇ. ಕರಿ ಕಾಳು ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದನ್ನು ಬಿಡಿಸಿ ನೋಡಿದರೆ ಆ ನಾಲ್ಕು ಮೀನುಗಳ ಸಾವಿಗೆ ಕಾರಣ ಸಿಗುತ್ತದೆ.

ಪೊಟ್ಟಣದಲ್ಲಿದ್ದದ್ದು ಪಟುಗೊಳಿಸಿದ ಇದ್ದಿಲು. ಅಂಗಡಿಯಲ್ಲಿ ಅದಕ್ಕೆ ಆಕ್ಟಿವೇಟೆಡ್ ಕಾರ್ಬನ್ ಎನ್ನುತ್ತಾರೆ. ಇದ್ದಿಲು ನಮಗೆ ಹೊಸತಲ್ಲ. ಇಸ್ತ್ರಿ ಪೆಟ್ಟಿಗೆಯಲ್ಲಿ, ಅಗ್ಗಿಷ್ಟಿಕೆಯಲ್ಲಿ ಎಲ್ಲರೂ ನೋಡಿದ್ದಾರೆ. ಕಟ್ಟಿಗೆಯನ್ನಾಗಲಿ ತೆಂಗಿನ ಚಿಪ್ಪನ್ನಾಗಲಿ ಗಾಳಿ ತಾಗದಂತೆ ಸುಟ್ಟರೆ ನೀರು, ಡಾಂಬರಿನಂಥ ಎಣ್ಣೆಗಳು, ಅನಿಲಗಳು ಹೊರಟುಹೋಗಿ ಇಂಗಾಲ ಉಳಿಯುತ್ತದೆ. ಆದರೆ ಈ ಇದ್ದಿಲಿನ ರಂಧ್ರಗಳಲ್ಲಿ ಬಹಳಷ್ಟು ಡಾಂಬರು ಕಟ್ಟಿಕೊಂಡು ಮುಚ್ಚಿಹೋಗಿರುತ್ತವೆ. ಅದನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹಬೆಗೆ ಒಡ್ಡುತ್ತಾರೆ. ಆ ಶಾಖದಲ್ಲಿ ಹಬೆ ಇಂಗಾಲವನ್ನೇ ಕೊರೆಯತೊಡಗುತ್ತದೆ. ಒಂದಿಷ್ಟು ಇಂಗಾಲ ಕಾರ್ಬನ್ ಮೊನಾಕ್ಸೈಡ್ ಆಗಿ ಹಾರಿಹೋಗುತ್ತದೆ, ಜೊತೆಗೆ ಹೈಡ್ರೊಜನ್ ಬಿಡುಗಡೆಯಾಗುತ್ತದೆ. ಉಳಿದ ಕಾಳು ಗೆದ್ದಲು ತಿಂದ ಕಟ್ಟಿಗೆಯಂತೆ ಒಳಗೆಲ್ಲ ಸುರಂಗ, ಸುರಂಗದೊಳಗೆ ಕಿರುಸುರಂಗ. ತೆಂಗಿನ ಚಿಪ್ಪು ಗಟ್ಟಿಯಾದ್ದರಿಂದ ಅದರ ಇದ್ದಿಲಿನಲ್ಲಿ ತೀರ ಸೂಕ್ಷ್ಮ ರಂಧ್ರಗಳೇ ಹೆಚ್ಚು. ನಮ್ಮ ರಾಜ್ಯದಲ್ಲಿ ತಿಪಟೂರು, ಅರಸೀಕೆರೆಯ ಸೀಮೆಯ ಚಿಪ್ಪು ಹೀಗೆ ಬೆಲೆಬಾಳುವ ಸರಕಾಗುತ್ತದೆ. ಕೊಬ್ಬರಿ ತಿಂದು ಚಿಪ್ಪು ಒಲೆಗೆ ಹಾಕುವವರು ಒಮ್ಮೆ ಅದರ ಕಡೆ ನೋಡಲಿ.

ಈ ಸುರಂಗಗಳ ಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ ಎಷ್ಟು ಜಾಗವಾದೀತು? ಒಳ್ಳೆಯ ಇದ್ದಿಲಿನ ಒಂದು ಗ್ರಾಮಿಗೆ ಸುಮಾರು 1000 ಚದರ ಮೀಟರ್. ಹೊಲದ ಲೆಕ್ಕ ಬಲ್ಲವರಿಗೆ ಇದನ್ನು ಬೇರೆ ರೀತಿ ಹೇಳಬಹುದು. ಒಂದು ಗುಂಟೆ ಎಂದರೆ 101 ಚದರ ಮೀಟರಿಗೆ ತುಸು ಹೆಚ್ಚು. ಆದ್ದರಿಂದ ಒಂದು ಗ್ರಾಂ ಇದ್ದಿಲು ಹತ್ತು ಗುಂಟೆಗೆ ಸಮ. ನಾಲ್ಕು ಗ್ರಾಂ ಎಂದರೆ ಒಂದು ಎಕರೆ! ಹುಡುಗನ ಜೇಬಿನ 100 ಗ್ರಾಂ ಪೊಟ್ಟಣದಲ್ಲಿ ಇಪ್ಪತ್ತೈದು ಎಕರೆ ಮಡಚಿಕೊಂಡು ಕುಳಿತಿತ್ತು. ಅಷ್ಟು ಹೊಲ ಅವನ ಮುತ್ಯಾರಿಗೂ ಇದ್ದಿರಲಿಕ್ಕಿಲ್ಲ.

ನೀರು ಈ ಹೊಲದ ಮೇಲೆ ಹರಿದಾಗ ಅದರಲ್ಲಿ ಕರಗಿದ ಕೆಲವು ವಸ್ತುಗಳ ಅಣುಗಳು ಗೋಡೆಗೆ ಅಂಟಿಕೊಳ್ಳುತ್ತವೆ. ಅರಿವೆ ನೀರು ಹೀರಿದಂತೆ ಒಳಗೆ ಹೀರುವುದಲ್ಲ ಇದು. ಮೇಲ್ಮೈಗೆ ಹತ್ತಿ ಕೂಡುವುದು. ಪಠ್ಯಪುಸ್ತಕ ಇದನ್ನು ಅಧಿಶೋಷಣೆ ಎನ್ನುತ್ತದೆ. ಎಲ್ಲ ಅಣುಗಳೂ ಹೀಗೆ ಅಂಟುವುದಿಲ್ಲ ಎಂಬುದೇ ಇಲ್ಲಿ ಮುಖ್ಯ. ಬಣ್ಣ ಕೊಡುವ, ವಾಸನೆ ಕೊಡುವ ದೊಡ್ಡ ದೊಡ್ಡ ಸಾವಯವ ಅಣುಗಳಿಗೆ ನೀರಿನ ಸಂಗಕ್ಕಿಂತ ಇಂಗಾಲದ ಸಂಗವೇ ಹೆಚ್ಚು ಪ್ರಿಯ. ಉಪ್ಪು, ಸುಣ್ಣದಂಥ ಲವಣಗಳ ಅಯಾನುಗಳಿಗೆ ನೀರೇ ಪ್ರಿಯ. ಅವು ಇದ್ದಿಲಿನ ಕಡೆ ತಿರುಗಿಯೂ ನೋಡದೆ ಹರಿದುಹೋಗುತ್ತವೆ.

ಬಣ್ಣ ತೆಗೆಯುವ ಈ ಗುಣವನ್ನು 1785ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಟೋಬಿಯಸ್ ಲೊವಿಟ್ಸ್ ಎಂಬ ರಸಾಯನ ತಜ್ಞ ಗಮನಿಸಿದ. ಟಾರ್ಟಾರಿಕ್ ಆಮ್ಲದ ಕಂದು ದ್ರಾವಣಕ್ಕೆ ಇದ್ದಿಲು ಸೇರಿದಾಗ ಅದು ತಿಳಿಯಾಯಿತು. ಮುಂದೆ 19ನೇ ಶತಮಾನದ ಆರಂಭದಲ್ಲಿ ಯುರೋಪಿನ ಸಕ್ಕರೆ ಕಾರ್ಖಾನೆಗಳು ಸುಟ್ಟ ಎಲುಬಿನ ಇದ್ದಿಲಿನಿಂದ ಸಕ್ಕರೆಯ ಪಾಕವನ್ನು ಬೆಳ್ಳಗೆ ಮಾಡತೊಡಗಿದವು. ಹಳ್ಳಿಖೇಡದ ಕಾರ್ಖಾನೆಗೆ ಕಬ್ಬು ಸಾಗಿಸಿದ ಮನೆಗಳವರು ಇದನ್ನು ಓದಿ ಹುಬ್ಬೇರಿಸಬೇಕಿಲ್ಲ. ಭಾರತದ ಹೆಚ್ಚಿನ ಕಾರ್ಖಾನೆಗಳು ರಸವನ್ನು ಶುದ್ಧಿ ಮಾಡುವುದು ಸುಣ್ಣ ಮತ್ತು ಗಂಧಕದ ಹೊಗೆಯಿಂದ. ಇನ್ನು 1915ರ ಏಪ್ರಿಲ್ 22ರಂದು ಬೆಲ್ಜಿಯಮ್ಮಿನ ಈಪ್ರ ಎಂಬಲ್ಲಿ ಜರ್ಮನ್ ಸೈನ್ಯ ಕ್ಲೋರಿನ್ ಅನಿಲ ಬಿಟ್ಟಿತು. ಅದೇ ವರ್ಷ ರಷ್ಯದ ನಿಕೊಲಾಯ್ ಜೆಲಿನ್‌ಸ್ಕಿ ಪಟುಗೊಳಿಸಿದ ಇದ್ದಿಲು ತುಂಬಿದ ಮುಖವಾಡವನ್ನು ಸಿದ್ಧಪಡಿಸಿದ. 1918ರಲ್ಲಿ ಅಮೆರಿಕದ ಮಕ್ಕಳು ಮುಖವಾಡಗಳ ಇದ್ದಿಲಿಗೆಂದು ಪೀಚ್ ಹಣ್ಣಿನ ಓಟೆಗಳನ್ನು ಕೂಡಿಹಾಕಿ ಸರ್ಕಾರಕ್ಕೆ ಕೊಟ್ಟರು. ಸೈನಿಕನ ಮೂಗಿಗೆ ಕಾವಲು ನಿಂತ ವಸ್ತುವೇ ಈಗ ಮೀನಿನ ತೊಟ್ಟಿಯ ಮೂಲೆಯಲ್ಲಿ ಕುಳಿತಿದೆ.

ಅಷ್ಟೇಕೆ, ನಮ್ಮ ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳಿವೆಯಲ್ಲ, ಅವುಗಳೊಳಗೆ ಒಮ್ಮೆ ಇಣುಕಿ ನೋಡಿ. ಉದ್ದನೆಯ ಎರಡು ಉರುಳೆಗಳು ನಿಂತಿರುತ್ತವೆ. ಸಾಮಾನ್ಯವಾಗಿ ಒಂದರಲ್ಲಿ ಮರಳು, ಇನ್ನೊಂದರಲ್ಲಿ ಇದೇ ಇದ್ದಿಲು. ಅವುಗಳನ್ನು ದಾಟಿದ ಮೇಲೆ ನೀರು ಪೊರೆಯಿರುವ ಕೊಳವೆಗಳಿಗೆ ಹೋಗುತ್ತದೆ. ಮರಳು ಕೆಸರನ್ನು ತಡೆಯುತ್ತದೆ, ಇದ್ದಿಲು ಕ್ಲೋರಿನ್ನನ್ನೂ ವಾಸನೆಯನ್ನೂ ತೆಗೆಯುತ್ತದೆ. ಸವಳನ್ನು, ಗಡಸುತನವನ್ನು ತೆಗೆಯುವುದು ಆ ಪೊರೆ. ಇದ್ದಿಲೊಂದರಿಂದಲೇ ಸವಳು ಹೋಗುವಂತಿದ್ದರೆ ಅಷ್ಟು ಖರ್ಚಿನ ಪೊರೆ ಯಾರಿಗೆ ಬೇಕಿತ್ತು?

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಒಂದು ಲೋಟ ಕೊಳವೆಬಾವಿ ನೀರಿಗೆ ಎರಡು ಹನಿ ನೀಲಿ ಮಸಿ ಹಾಕಿ. ಪೆನ್ನಿಗೆ ತುಂಬುವ ಮಸಿಯೇ ಆಗಬೇಕು, ಬಾಲ್ ಪೆನ್ನಿನದು ಬೇಡ. ಎರಡು ಚಮಚ ಪಟುಗೊಳಿಸಿದ ಇದ್ದಿಲನ್ನು ತೊಳೆದು, ಒಣಗಿಸಿ, ಅರಿವೆಯಲ್ಲಿ ಕಟ್ಟಿ ಕಲ್ಲಿನಿಂದ ಕುಟ್ಟಿ ಪುಡಿ ಮಾಡಿ. ಮುಚ್ಚಳವಿರುವ ಬಾಟಲಿಯಲ್ಲಿ ಮಸಿ ನೀರು, ಪುಡಿ ಎರಡನ್ನೂ ಹಾಕಿ ಹದಿನೈದು ನಿಮಿಷ ಕುಲುಕಿ, ಹತ್ತಿಯ ದಪ್ಪ ಪದರದ ಮೂಲಕ ಎರಡು ಮೂರು ಸಲ ಸೋಸಿ. ಮಸಿಯ ನೀಲಿ ಹೋಗಿರುತ್ತದೆ, ಇಲ್ಲವೆ ಬಹಳ ಕಡಿಮೆಯಾಗಿರುತ್ತದೆ. ಇಲ್ಲಿಯವರೆಗೆ ಬಹಳ ಶಾಲೆಗಳಲ್ಲಿ ಮಾಡಿ ತೋರಿಸುತ್ತಾರೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಪಾಠ ಮುಗಿಯುತ್ತದೆ. ಮುಗಿಯಬಾರದು. ಆ ತಿಳಿಯಾದ ನೀರಿಗೆ ಒಂದು ಚೂರು ಬಟ್ಟೆ ಸೋಪು ಕದಡಿ ಕುಲುಕಿ. ಇನ್ನೊಂದು ಬಾಟಲಿಯಲ್ಲಿ ಇದ್ದಿಲು ಕಾಣದ ಅದೇ ಕೊಳವೆಬಾವಿ ನೀರು, ಮೂರನೆಯದರಲ್ಲಿ ಹಿಡಿದಿಟ್ಟ ಮಳೆ ನೀರು ಇರಲಿ. ಮಳೆ ನೀರಿನಲ್ಲಿ ನೊರೆ ಉಕ್ಕುತ್ತದೆ. ಮೊದಲೆರಡರಲ್ಲಿ ಒಡೆದ ಹಾಲಿನಂಥ ಗರಣೆ ಕೂಡುತ್ತದೆ, ನೊರೆ ಅಷ್ಟಕ್ಕಷ್ಟೆ. ಕಣ್ಣಿಗೆ ಕಾಣುತ್ತಿದ್ದ ಮಸಿ ಹೋಯಿತು, ಕಣ್ಣಿಗೆ ಕಾಣದ ಗಡಸುತನ ಅಲ್ಲಿಯೇ ಉಳಿಯಿತು.

ಹುಡುಗನ ತೊಟ್ಟಿಯಲ್ಲಿ ಆದದ್ದೂ ಇಂಥದ್ದೇ. ಅಲ್ಲಿ ಕಣ್ಣಿಗೆ ಕಾಣದೆ ಉಳಿದದ್ದು ಅಮೋನಿಯ.

ಮೀನು ತನ್ನ ಮೈಯ ಸಾರಜನಕದ ಕಸವನ್ನು ಹೆಚ್ಚಾಗಿ ಕಿವಿರಿನ ಮೂಲಕ ಅಮೋನಿಯ ರೂಪದಲ್ಲಿ ಹೊರಹಾಕುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೂ ಅಮೋನಿಯವೇ. ಕೆರೆಯಲ್ಲಿ, ಕಾರಂಜಾ ಜಲಾಶಯದಂಥ ದೊಡ್ಡ ನೀರಿನಲ್ಲಿ ಇದು ಲೆಕ್ಕಕ್ಕಿಲ್ಲ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಲ್ಲಿ ಹಿಡಿಯುವುದು ಸುಮಾರು 55 ಲೀಟರ್. (ವಿದ್ಯಾರ್ಥಿಗಳು ಗುಣಿಸಿ ನೋಡಲಿ, ಒಂದು ಅಡಿ ಎಂದರೆ 30.5 ಸೆಂಟಿಮೀಟರ್, ಸಾವಿರ ಘನ ಸೆಂಟಿಮೀಟರಿಗೆ ಒಂದು ಲೀಟರ್. ಹರಳು ಹಾಕಿ, ಮೇಲೆ ನಾಲ್ಕು ಬೆರಳು ಜಾಗ ಬಿಟ್ಟರೆ ನಿಜವಾಗಿ ನಿಲ್ಲುವ ನೀರು 45 ಲೀಟರ್ ಆದರೆ ಹೆಚ್ಚು.) ಇಷ್ಟು ನೀರಿನಲ್ಲಿ ನಾಲ್ಕು ಗೋಲ್ಡ್ ಫಿಶ್ ಹಗಲೂ ರಾತ್ರಿ ಅಮೋನಿಯ ಬಿಡುತ್ತಿದ್ದವು. ಅಮೋನಿಯಕ್ಕೆ ಬಣ್ಣವಿಲ್ಲ. ಅಷ್ಟು ತೆಳುವಾಗಿದ್ದಾಗ ಮೂಗಿಗೂ ತಿಳಿಯದು. ಇದ್ದಿಲು ಅದನ್ನು ಹಿಡಿಯುವುದಿಲ್ಲ ಎಂದೇ ಹೇಳಬೇಕು. ಕರಿ ಕಾಳು ನೀರಿನ ಹಳದಿಯನ್ನೂ ವಾಸನೆಯನ್ನೂ ಅಳಿಸಿ, "ಎಲ್ಲ ಸರಿಯಿದೆ" ಎಂದು ಮನೆಯವರಿಗೆ ನಂಬಿಸುತ್ತಿತ್ತು. ಆ ನೀರಿನೊಳಗೇ ಮೀನಿನ ಕಿವಿರು ಸುಡುತ್ತಿತ್ತು.

ನಿರ್ಣಾದ ಕಡೆಯ ನೀರಿನ ವಿಷಯವನ್ನು ಇಲ್ಲಿ ಹೇಳಲೇಬೇಕು. ಬೀದರ್ ಜಿಲ್ಲೆಯ ಎತ್ತರದ ನೆಲದಲ್ಲಿ ಮೇಲೆ ಕೆಂಪು ಜಂಬಿಟ್ಟಿಗೆ, ಕೆಳಗೆ ಕಪ್ಪು ಬಸಾಲ್ಟ್ ಶಿಲೆ. ಜಂಬಿಟ್ಟಿಗೆಯ ತೆರೆದ ಬಾವಿಯ ನೀರು ಸಾಮಾನ್ಯವಾಗಿ ಅಷ್ಟು ಗಡಸಲ್ಲ. ಬಸಾಲ್ಟಿನಾಳದ ಕೊಳವೆಬಾವಿಯ ನೀರು ಕಾಯಿಸಿದ ಪಾತ್ರೆಗೆ ಬಿಳಿ ಪರೆ ಕಟ್ಟುವಂಥದ್ದು, ಅದರ ಪಿಎಚ್ ಬಹುಮಟ್ಟಿಗೆ 7ರಿಂದ ಮೇಲೆಯೇ. ಅಮೋನಿಯ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ: ಅಷ್ಟಾಗಿ ಅಪಾಯವಿಲ್ಲದ ಅಮೋನಿಯಂ ಅಯಾನು, ಮತ್ತು ಮೀನಿಗೆ ವಿಷವಾದ ಬಿಡಿ ಅಮೋನಿಯ. 25 ಡಿಗ್ರಿ ಶಾಖದಲ್ಲಿ ಪಿಎಚ್ 7 ಇದ್ದರೆ ಬಿಡಿ ಅಮೋನಿಯದ ಪಾಲು ನೂರರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು. ಪಿಎಚ್ 8 ಆದರೆ ನೂರರಲ್ಲಿ ಐದು ದಾಟುತ್ತದೆ. ಮೀನು ಬಿಟ್ಟ ಕಸ ಅಷ್ಟೇ, ವಿಷ ಮಾತ್ರ ಸುಮಾರು ಹತ್ತು ಪಟ್ಟು! ಬೇಸಿಗೆಯಲ್ಲಿ ನೀರು ಕಾದಷ್ಟೂ ಈ ಪಾಲು ಇನ್ನೂ ಏರುತ್ತದೆ, ನೀರಿನಲ್ಲಿ ಕರಗುವ ಆಮ್ಲಜನಕ ಇಳಿಯುತ್ತದೆ. ಮೆದು ನೀರಿನ ಊರಿನಲ್ಲಿ ಬದುಕಿಕೊಳ್ಳಬಹುದಾಗಿದ್ದ ಮೀನು ಏಪ್ರಿಲ್ ತಿಂಗಳ ನಿರ್ಣಾದಲ್ಲಿ ಬದುಕದೆ ಹೋಗುವುದಕ್ಕೆ ಇಷ್ಟು ಸಾಕು.

ಹಾಗಾದರೆ ಅಮೋನಿಯವನ್ನು ತೆಗೆಯುವವರು ಯಾರು? ಬ್ಯಾಕ್ಟೀರಿಯಗಳು. ಒಂದು ಜಾತಿಯವು ಅಮೋನಿಯವನ್ನು ನೈಟ್ರೈಟ್ ಆಗಿ ಮಾಡುತ್ತವೆ. ಅದೂ ವಿಷವೇ; ಮೀನಿನ ರಕ್ತ ಆಮ್ಲಜನಕ ಹೊರದಂತೆ ಮಾಡುತ್ತದೆ. ಇನ್ನೊಂದು ಜಾತಿಯವು ನೈಟ್ರೈಟನ್ನು ನೈಟ್ರೇಟ್ ಆಗಿ ಮಾಡುತ್ತವೆ. ಅದು ಬಹಳ ಕೂಡಿದರೆ ಮಾತ್ರ ತೊಂದರೆ. ಹಳೆಯ ಪುಸ್ತಕಗಳು ಈ ಎರಡನೆಯ ಕೆಲಸವನ್ನು ನೈಟ್ರೊಬ್ಯಾಕ್ಟರ್ ಹೆಸರಿಗೆ ಬರೆದಿವೆ. ಮೀನಿನ ತೊಟ್ಟಿಗಳಲ್ಲಿ ಅದನ್ನು ಹೆಚ್ಚಾಗಿ ಮಾಡುವುದು ನೈಟ್ರೊಸ್ಪೈರ ಎಂದು 1990ರ ದಶಕದ ಕೊನೆಗೆ ತಿಳಿದುಬಂತು. ಹೆಸರು ಯಾವುದಾದರೂ ಇರಲಿ, ಇವು ನೀರಿನಲ್ಲಿ ತೇಲಿಕೊಂಡಿರುವುದಕ್ಕಿಂತ ಹರಳು, ಸ್ಪಂಜು, ಗಾಜು, ಎಲ್ಲಿ ಜಾಗ ಸಿಕ್ಕರೆ ಅಲ್ಲಿ ಅಂಟಿಕೊಂಡು ಬೆಳೆಯುವಂಥವು. ಬೆಳವಣಿಗೆ ಬಹಳ ನಿಧಾನ. ಹೊಸ ತೊಟ್ಟಿಯಲ್ಲಿ ಅವು ಸಾಕಷ್ಟು ಆಗಬೇಕಾದರೆ ನಾಲ್ಕರಿಂದ ಆರು ವಾರ ಬೇಕು. ಹುಡುಗನ ಮೀನುಗಳು ಸತ್ತದ್ದು ಎರಡನೆಯ ವಾರದೊಳಗೆ.

ಅವನು ಆರನೆಯ ದಿನ ಮಾಡಿದ ಕೆಲಸವನ್ನು ಈಗ ಮತ್ತೊಮ್ಮೆ ನೋಡಿ. ಹರಳಿನ ಮೇಲೆ ಆಗತಾನೇ ಹತ್ತತೊಡಗಿದ್ದ ಬ್ಯಾಕ್ಟೀರಿಯಗಳನ್ನು ಸೋಪಿನ ಪುಡಿಯಿಂದ ತಿಕ್ಕಿ ತೊಳೆದ. ಹಳೆಯ ಇದ್ದಿಲಿನ ಕಾಳುಗಳ ಹೊರಮೈಯಲ್ಲೂ ಅವು ನೆಲೆಸಿರುತ್ತವೆ, ಅದನ್ನೂ ಚೆಲ್ಲಿದ. ಉಳಿದಿದ್ದನ್ನು ನಳದ ನೀರಿನ ಕ್ಲೋರಿನ್ ಮುಗಿಸಿತು. ಬ್ಲೀಚಿಂಗ್ ಪೌಡರ್ ಹಾಕಿದ ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎನ್ನುತ್ತದೆ ಭಾರತೀಯ ಮಾನಕ. ನಮ್ಮನ್ನು ವಾಂತಿಭೇದಿಯಿಂದ ಕಾಯುವ ಅದೇ ಪ್ರಮಾಣ ಮೀನಿನ ಕಿವಿರನ್ನು ಸುಡಬಲ್ಲದು. ಮನೆಯ ಹಿರಿಯರು ಇದಕ್ಕಾಗಿ ಹುಡುಗನನ್ನು ಬೈಯಬಾರದು. ತೊಟ್ಟಿ ಹೊಲಸಾಗಿದೆ ಎಂದು ತಿಳಿದವರು ಯಾರಾದರೂ ಮಾಡುವುದು ಅದನ್ನೇ. ಸ್ವಚ್ಛ ಮಾಡುವುದು ತಪ್ಪು ಎಂದು ಅವನಿಗೆ ಯಾವ ತರಗತಿಯಲ್ಲೂ ಕಲಿಸಿರಲಿಲ್ಲ.

ಇಷ್ಟಾದ ಮೇಲೆ ಇದ್ದಿಲು ಬೇಡವೇ ಬೇಡ ಎಂದು ತೀರ್ಮಾನಿಸುವವರೂ ಉಂಟು. ಅದೂ ಅನ್ಯಾಯ. ಅದರಿಂದ ಕೆಲವು ಕೆಲಸ ಬಹಳ ಚೆನ್ನಾಗಿ ಆಗುತ್ತವೆ. ತೊಟ್ಟಿಯ ಅಂದಕ್ಕೆಂದು ಹಾಕಿದ ಮರದ ಬೇರು, ಕೊಳೆತ ಎಲೆ ನೀರನ್ನು ಚಹಾದ ಬಣ್ಣಕ್ಕೆ ತರುತ್ತವೆ. ಇದ್ದಿಲು ಎರಡು ಮೂರು ದಿನದಲ್ಲಿ ಅದನ್ನು ತೆಗೆಯುತ್ತದೆ. ಕ್ಲೋರಿನ್ ಇದ್ದಿಲಿನ ಮೇಲ್ಮೈಯಲ್ಲಿ ರಾಸಾಯನಿಕ ಕ್ರಿಯೆ ನಡೆದು ನಿರಪಾಯದ ಕ್ಲೋರೈಡ್ ಆಗುತ್ತದೆ. ಆದರೂ ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ಬಿಸಿಲಿಗೆ ತೆರೆದಿಟ್ಟು ಆಮೇಲೆ ತೊಟ್ಟಿಗೆ ಹಾಕುವುದೇ ನಮ್ಮ ಹಳ್ಳಿಗಳಿಗೆ ಸುಲಭದ ದಾರಿ, ಅದಕ್ಕೆ ದುಡ್ಡೂ ಬೇಡ. ಮೂರನೆಯ ಉಪಯೋಗ ರೋಗ ಬಂದಾಗ. ಮೀನಿನ ಮೈಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕೆ ಕಾಣಿಸಿಕೊಂಡರೆ ಅಂಗಡಿಯವರು ಮೆಲಕೈಟ್ ಗ್ರೀನ್, ಮಿಥಿಲೀನ್ ಬ್ಲೂನಂಥ ಔಷಧಿ ಕೊಡುತ್ತಾರೆ. ಇವೆಲ್ಲ ಬಣ್ಣದ ಅಣುಗಳು, ಅಂದರೆ ಇದ್ದಿಲಿಗೆ ಪ್ರಿಯವಾದಂಥವು. ಫಿಲ್ಟರಿನಲ್ಲಿ ಇದ್ದಿಲು ಇಟ್ಟುಕೊಂಡೇ ಔಷಧಿ ಹಾಕಿದರೆ ಔಷಧಿಯನ್ನು ಕುಡಿಯುವುದು ಇದ್ದಿಲೇ ಹೊರತು ರೋಗವಲ್ಲ. ಆದ್ದರಿಂದ ಮದ್ದಿನ ದಿನಗಳಲ್ಲಿ ಇದ್ದಿಲನ್ನು ತೆಗೆದಿಡಬೇಕು. ಮೀನು ಗುಣವಾದ ಮೇಲೆ ಹೊಸ ಇದ್ದಿಲು ಹಾಕಿದರೆ ಉಳಿದ ಮದ್ದು ಅದರೊಳಗೆ ಹೋಗುತ್ತದೆ. ಇದ್ದಿಲಿನ ನಿಜವಾದ ಬೆಲೆ ತಿಳಿಯುವುದು ಇಲ್ಲಿ ಎಂದರೂ ನಡೆದೀತು. ವಿಷ ಸೇವಿಸಿದವರಿಗೆ ಆಸ್ಪತ್ರೆಯಲ್ಲಿ ಇಂಥ ಇದ್ದಿಲಿನ ಪುಡಿಯನ್ನು ಕುಡಿಸುವುದರ ಹಿಂದೆಯೂ ಇದೇ ತತ್ತ್ವವಿದೆ. ಆದರೆ ಅದು ವೈದ್ಯರ ಕೆಲಸ. ಎಲ್ಲ ವಿಷಕ್ಕೂ ಅದು ಆಗದು, ಮನೆಯಲ್ಲಿ ಯಾರೂ ಪ್ರಯತ್ನಿಸಬಾರದು.

ಇದ್ದಿಲನ್ನು ತೊಟ್ಟಿಯಲ್ಲಿ ಇಡುವ ಜಾಗವೂ ಮುಖ್ಯ. ನೀರು ಮೊದಲು ಸ್ಪಂಜು ಅಥವಾ ಫಿಲ್ಟರ್ ಹತ್ತಿಯನ್ನು ದಾಟಿ ಆಮೇಲೆ ಇದ್ದಿಲಿಗೆ ಬರಬೇಕು. ಇಲ್ಲವಾದರೆ ಕೆಸರು ಸುರಂಗದ ಬಾಯಿಗಳನ್ನೇ ಮುಚ್ಚುತ್ತದೆ, ಇಪ್ಪತ್ತೈದು ಎಕರೆ ಪಾಳು ಬೀಳುತ್ತದೆ. ಹಾಕುವ ಮೊದಲು ಕಪ್ಪು ಪುಡಿ ಹೋಗುವವರೆಗೆ ನೀರಿನಲ್ಲಿ ತೊಳೆಯಬೇಕು. ಎರಡರಿಂದ ನಾಲ್ಕು ವಾರದಲ್ಲಿ ಅದರ ಅಂಟುವ ಶಕ್ತಿ ಬಹುಪಾಲು ತೀರುತ್ತದೆ. ಕುದಿಸಿದರೆ, ಬಿಸಿಲಿಗೆ ಹಾಕಿದರೆ ಮತ್ತೆ ಹೊಸದಾಗುತ್ತದೆ ಎಂದು ಹೇಳುವವರಿದ್ದಾರೆ. ಆಗುವುದಿಲ್ಲ. ಸುರಂಗದೊಳಗೆ ಕುಳಿತದ್ದನ್ನು ಹೊರಗಟ್ಟಲು ಮತ್ತೆ ಕಾರ್ಖಾನೆಯ ಕುಲುಮೆಯ ಶಾಖವೇ ಬೇಕು, 100 ಡಿಗ್ರಿಯ ಕುದಿನೀರು ಅದಕ್ಕೆ ಸಾಲದು. ಇನ್ನು ಒಲೆಯ ಇದ್ದಿಲನ್ನೇ ಕುಟ್ಟಿ ಹಾಕಿದರೆ ಹೇಗೆ ಎಂಬ ಪ್ರಶ್ನೆ ಜಾಣ ಮನೆಯೊಡತಿಯರಿಂದ ಬರುತ್ತದೆ. ಅದರಲ್ಲಿ ಸುರಂಗಗಳು ಕಡಿಮೆ, ಬೂದಿ ಹೆಚ್ಚು. ಬೂದಿಯ ಕ್ಷಾರ ನೀರಿನ ಪಿಎಚ್ಚನ್ನು ಏರಿಸುತ್ತದೆ. ಪಿಎಚ್ ಏರಿದರೆ ಅಮೋನಿಯ ಏನು ಮಾಡುತ್ತದೆ ಎಂಬುದನ್ನು ಆಗಲೇ ನೋಡಿದ್ದಾಯಿತು.

ಹಳೆಯ ಇದ್ದಿಲು ತಾನು ಹಿಡಿದ ವಿಷವನ್ನೆಲ್ಲ ಒಮ್ಮೆಲೇ ತೊಟ್ಟಿಗೆ ಕಕ್ಕಿಬಿಡುತ್ತದೆ ಎಂಬ ಭಯವೂ ಕೆಲವರಲ್ಲಿದೆ. ಅದು ಬಹುಮಟ್ಟಿಗೆ ಅತಿಶಯೋಕ್ತಿ. ಶಕ್ತಿ ತೀರಿದ ಇದ್ದಿಲು ಬ್ಯಾಕ್ಟೀರಿಯಗಳಿಗೆ ಮನೆಯಾಗಿ ಉಳಿಯುತ್ತದೆ, ಅಷ್ಟೆ. ಹೊಸದನ್ನು ಹಾಕುವಾಗ ಹಳೆಯದನ್ನು ಪೂರ್ತಿ ಚೆಲ್ಲದೆ ಅರ್ಧ ಉಳಿಸಿಕೊಳ್ಳುವುದು ಮೇಲು. ಸ್ಪಂಜನ್ನು ಅದೇ ವಾರ ತೊಳೆಯಬಾರದು. ತೊಳೆಯುವಾಗಲೂ ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ ತೊಳೆಯಬೇಕು. ಸೋಪಿಗೂ ಮೀನಿನ ತೊಟ್ಟಿಗೂ ಸಂಬಂಧವೇ ಬೇಡ.

ಕರೆಂಟಿನ ಮಾತೂ ಇದೆ. ಬ್ಯಾಕ್ಟೀರಿಯಗಳಿಗೆ ಆಮ್ಲಜನಕ ಬೇಕು. ಐದಾರು ತಾಸು ಕರೆಂಟು ಹೋಗಿ ಏರ್ ಪಂಪು ನಿಂತರೆ ಮುಚ್ಚಿದ ಫಿಲ್ಟರಿನೊಳಗೆ ಅವು ಸಾಯತೊಡಗುತ್ತವೆ. ಕರೆಂಟು ಬಂದ ಕೂಡಲೇ ಪಂಪು ಹಚ್ಚಿದರೆ ಆ ಕೊಳೆ ನೀರೆಲ್ಲ ತೊಟ್ಟಿಗೆ ಬರುತ್ತದೆ. ಮೊದಲು ಫಿಲ್ಟರಿನ ನೀರನ್ನು ಚೆಲ್ಲಿ ಆಮೇಲೆ ಹಚ್ಚಬೇಕು. ಕರೆಂಟು ಬಹಳ ಹೋಗುವ ಊರಿನಲ್ಲಿ ಮೀನು ಕಡಿಮೆ, ಗಿಡ ಹೆಚ್ಚು ಇರುವ ತೊಟ್ಟಿಯೇ ಕ್ಷೇಮ. ದ್ಯುತಿಸಂಶ್ಲೇಷಣೆಯ ಪ್ರಯೋಗಕ್ಕೆ ಶಾಲೆಯಲ್ಲಿ ಬಳಸುವ ಹೈಡ್ರಿಲ್ಲಾ ಗಿಡವೇ ಸಾಕು. ಅದು ಅಮೋನಿಯವನ್ನು ನೇರವಾಗಿ ತಿಂದು ಬೆಳೆಯುತ್ತದೆ, ಇದ್ದಿಲಿನಿಂದಾಗದ ಕೆಲಸವನ್ನು ಪುಕ್ಕಟೆಯಾಗಿ ಮಾಡುತ್ತದೆ. ಕೆರೆಯಿಂದ ತಂದರೆ ಚೆನ್ನಾಗಿ ಜಾಲಿಸಿ ತೊಳೆದು ಹಾಕಿ. ಇಲ್ಲವಾದರೆ ಕೊಡತಿ ಹುಳದ ಮರಿಗಳು ಒಳಬಂದು ಸಣ್ಣ ಮೀನುಗಳನ್ನೇ ಹಿಡಿದು ತಿನ್ನುತ್ತವೆ.

ನಮ್ಮ ಹುಡುಗನ ತೊಟ್ಟಿ ಈಗ ಬರಿದಾಗಿ ಪಡಸಾಲೆಯ ಮೂಲೆಯಲ್ಲಿದೆ ಎನ್ನಿ. ಅವನು ಮತ್ತೆ ಸುರು ಮಾಡಬಹುದು. ಹೊಟ್ಟೆಪಾಡಿಗೆ ಮೀನು ಸಾಕುವವರು ಊರ ನೀರನ್ನು ನೋಡಿ ಮೀನನ್ನು ಆರಿಸುತ್ತಾರೆ. ಅವನೂ ಹಾಗೆಯೇ ಮಾಡಲಿ. ಗಪ್ಪಿ, ಮೋಲಿ ಮೀನುಗಳು ಗಡಸು ನೀರಿಗೆ ಒಗ್ಗುತ್ತವೆ. ಗೋಲ್ಡ್ ಫಿಶ್ ಕೈಯುದ್ದ ಬೆಳೆಯುವ ಮೀನು, ಹೊಲಸೂ ಹೆಚ್ಚು. ಅದಕ್ಕೆ ಎರಡಡಿಯ ತೊಟ್ಟಿ ಇಕ್ಕಟ್ಟು. ಪರಿಚಯದವರ ಮನೆಯಲ್ಲಿ ವರ್ಷಗಳಿಂದ ಚೆನ್ನಾಗಿ ನಡೆದ ತೊಟ್ಟಿಯಿದ್ದರೆ ಅಲ್ಲಿಂದ ಒಂದು ಬೊಗಸೆ ಹರಳನ್ನು, ತೊಳೆಯದೆ, ಅದೇ ನೀರಿನಲ್ಲಿ ಮುಳುಗಿಸಿ ತಂದು ಹಾಕಬೇಕು. ಮೊಸರಿಗೆ ಹೆಪ್ಪು ಹಾಕಿದಂತೆ ಅದು. ಮೊದಲು ಎರಡೇ ಗಪ್ಪಿ. ತಿಂಗಳು ಕಳೆದ ಮೇಲೆ ಇನ್ನೆರಡು. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ. ಮೊದಲ ತಿಂಗಳಲ್ಲಿ ಮೀನು ಮೇಲೆ ಬಂದು ಬಾಯಿ ಬಡಿದರೆ ತಡಮಾಡದೆ ಕಾಲು ಭಾಗದಿಂದ ಅರ್ಧದಷ್ಟು ನೀರು ತೆಗೆದು, ಬಿಸಿಲಿಗಿಟ್ಟ ನೀರು ಹಾಕುವುದು. ಆಮೇಲೆ ವಾರಕ್ಕೊಮ್ಮೆ ಕಾಲು ಭಾಗ ಬದಲಿಸಿದರೆ ಸಾಕು. ಶುದ್ಧ ನೀರಿನ ಘಟಕದ ನೀರನ್ನೇ ತುಂಬುವುದು ಒಳ್ಳೆಯದಲ್ಲವೇ ಎಂದು ಅಪ್ಪ ಕೇಳಬಹುದು. ಅದರಲ್ಲಿ ಲವಣಗಳು ತೀರ ಕಡಿಮೆ. ಅದೊಂದನ್ನೇ ಹಾಕಿದರೆ ಪಿಎಚ್ ಸ್ಥಿರವಾಗಿ ನಿಲ್ಲುವುದಿಲ್ಲ. ಕೊಳವೆಬಾವಿ ನೀರು ತೀರ ಗಡಸಾಗಿದ್ದರೆ ಅದಕ್ಕೆ ಬೆರೆಸಿಕೊಳ್ಳಬಹುದು.

ಇದ್ದಿಲಿನ ಪೊಟ್ಟಣ ಮುಚ್ಚಳ ಬಿಗಿದ ಡಬ್ಬಿಯಲ್ಲಿರಲಿ. ಬಿಚ್ಚಿಟ್ಟರೆ ಅದು ಮನೆಯ ಒಗ್ಗರಣೆಯ ಹೊಗೆ, ಊದುಬತ್ತಿಯ ವಾಸನೆಗಳನ್ನೆಲ್ಲ ಹೀರಿ ಕುಳಿತು ತೊಟ್ಟಿಗೆ ಹೋಗುವ ಮೊದಲೇ ಅರ್ಧ ದಣಿದಿರುತ್ತದೆ. ಬೀದರಿನಲ್ಲಿಯೇ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಅದರ ಮೀನುಗಾರಿಕೆ ಕಾಲೇಜು ಮಾತ್ರ ದೂರದ ಮಂಗಳೂರಿನಲ್ಲಿ. ಮೀನಿನ ಓದು ಕಡಲ ತೀರದವರಿಗೆ ಎಂದು ಈ ಕಡೆಯ ಮಕ್ಕಳು ತಿಳಿಯಬೇಕಾಗಿಲ್ಲ. ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಆ ದಾರಿಯೂ ತೆರೆದಿದೆ.

ತೊಟ್ಟಿಯಿಂದ ತೆಗೆದ ನೀರನ್ನು ಚರಂಡಿಗೆ ಚೆಲ್ಲಬೇಡಿ. ಬ್ಯಾಕ್ಟೀರಿಯಗಳು ಮಾಡಿಟ್ಟ ನೈಟ್ರೇಟ್ ಅದರಲ್ಲಿದೆ. ಕರಿಬೇವಿನ ಬುಡಕ್ಕೆ, ಹೀರೆಬಳ್ಳಿಗೆ ಅದು ಗೊಬ್ಬರ. ದಣಿದ ಇದ್ದಿಲನ್ನೂ ಹೂವಿನ ಕುಂಡದ ಮಣ್ಣಿನಲ್ಲಿ ಬೆರೆಸಬಹುದು. ಮೀನಿಗೆ ಮದ್ದು ಹಾಕಿದ ವಾರದ ನೀರು ಮತ್ತು ಇದ್ದಿಲು ಮಾತ್ರ ತಿನ್ನುವ ಗಿಡಗಳಿಗೆ ಬೇಡ.